ಬೇರಿಗೂ ಉಸಿರು ಬೇಕು

ಏಪ್ರಿಲ್-ಮೇ ತಿಂಗಳಲ್ಲಿ ಮೊದಲ ಜೋರು ಮಳೆ ಸುರಿದ ಮರುದಿನ ಬೆಂಗಳೂರಿನ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ: ರಸ್ತೆಗೆ ಅಡ್ಡ ಬಿದ್ದ ಮರ, ಅದರಡಿ ಜಜ್ಜಿಹೋದ ಕಾರು. ನಮ್ಮ ಕಣ್ಣು ಕಾರಿನ ಮೇಲೆ ನಿಲ್ಲುತ್ತದೆ. ಯಾರದ್ದೋ ಪಾಪ ಎಂದುಕೊಂಡು ಪುಟ ಮಗುಚುತ್ತೇವೆ. ಮುಂದಿನ ಸಲ ಆ ಚಿತ್ರದಲ್ಲಿ ಮರದ ಬುಡ ನೋಡಿ. ಇಬ್ಬರು ಕೈಚಾಚಿದರೂ ತಬ್ಬಲಾಗದ ಕಾಂಡವಿರುತ್ತದೆ, ಅದರ ಕೆಳಗಿನ ಬೇರಿನ ಭಾಗ ಮಾತ್ರ ಎಷ್ಟೋ ಸಲ ಒಂದೂವರೆ ಮೀಟರ್ ಅಗಲವೂ ಇರುವುದಿಲ್ಲ. ಅಂಚು ನೇರ, ಮೂಲೆ ಚೌಕ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಸಸಿ ನೆಟ್ಟವರು ತೋಡಿದ್ದ ಗುಂಡಿಯ ಆಕಾರವನ್ನೇ ಬೇರು ಇಂದಿಗೂ ಉಳಿಸಿಕೊಂಡಿರುತ್ತದೆ.

ಮರ ಏಕೆ ಬಿತ್ತು ಎಂದರೆ ನಮ್ಮಲ್ಲಿ ಉತ್ತರಗಳು ಸಿದ್ಧವಾಗಿವೆ. ಮುದಿಮರ, ಬಿತ್ತು. ಪರದೇಶದ ಮರ, ಗಟ್ಟಿಯಿಲ್ಲ. ಬೇರು ಆಳಕ್ಕಿಳಿದಿಲ್ಲ. ಮೂರರಲ್ಲೂ ಚೂರುಚೂರು ನಿಜವಿದೆ. ಆದರೆ ಅದೇ ಪರದೇಶದ ಮಳೆಮರ, ಅದಕ್ಕಿಂತಲೂ ಮುದಿಯಾದದ್ದು, ಅದೇ ಸಂಜೆಯ ಅದೇ ಗಾಳಿಗೆ ಕಬ್ಬನ್ ಪಾರ್ಕಿನಲ್ಲಿ ಮೈಯೊಡ್ಡಿ ನಿಂತಿರುತ್ತದೆ. ಪಾರ್ಕಿನಲ್ಲಿ ಮರ ಬೀಳುವುದೇ ಇಲ್ಲವೆಂದಲ್ಲ. ಗುಲ್‌ಮೊಹರಿನಂಥ ಮೆದು ಮರಗಳ ಕೊಂಬೆ ಎಲ್ಲಿದ್ದರೂ ಮುರಿಯುತ್ತದೆ. ಆದರೆ ಕೊಂಬೆ ಮುರಿಯುವುದೇ ಬೇರೆ, ಮರ ಬುಡಮೇಲಾಗುವುದೇ ಬೇರೆ. ಕೊಂಬೆ ಮುರಿದರೆ ಅದರ ಕಾರಣ ಮರದಲ್ಲೇ ಇರುತ್ತದೆ. ಬುಡವೇ ಎದ್ದರೆ ಕಾರಣ ನೆಲದಲ್ಲಿದೆ, ಮತ್ತು ಅದು ನಾವು ಮಾಡಿದ ನೆಲ.

ಬೇರು ಎಲ್ಲಿರುತ್ತದೆ?

ಮರ ಮೇಲೆಷ್ಟಿದೆಯೋ ಕೆಳಗೂ ಅಷ್ಟೇ ಇದೆ ಎಂದು ಶಾಲೆಯ ಗೋಡೆಚಿತ್ರಗಳು ನಮಗೆ ಕಲಿಸಿವೆ. ಕಾಂಡದ ನೇರಕ್ಕೆ ಒಂದು ದಪ್ಪ ತಾಯಿಬೇರು, ಅದರಿಂದ ಅತ್ತಿತ್ತ ಕವಲು. ಎಳೆಯ ಸಸಿಯ ಮಟ್ಟಿಗೆ ಇದು ಸರಿ. ಬೆಳೆದ ಮರದಲ್ಲಿ ಚಿತ್ರವೇ ಬೇರೆ. ಒತ್ತಡದ ಗಾಳಿಯಿಂದ ಮಣ್ಣನ್ನು ಊದಿ ತೆಗೆದು, ಬೇರಿಗೆ ಗಾಯವಾಗದಂತೆ ಅದರ ಜಾಡು ಹಿಡಿಯುವ ಉಪಕರಣಗಳು ಈಗ ಇವೆ. ಹಾಗೆ ಹುಡುಕಿದಾಗ ಬಹುಪಾಲು ಬೇರು ಸಿಗುವುದು ನೆಲದ ಮೇಲಿನ ಒಂದು ಮೀಟರಿನೊಳಗೆ. ಅದರಲ್ಲೂ ನೀರು, ಆಹಾರ ಹೀರುವ ಎಳೆಬೇರುಗಳು ಮೊದಲ ಎರಡು ಅಡಿಯಲ್ಲೇ ದಟ್ಟವಾಗಿರುತ್ತವೆ. ಅಗಲಕ್ಕೆ ಬಂದರೆ, ಜಾಗ ಸಿಕ್ಕರೆ ಬೇರು ಕೊಂಬೆಗಳ ಅಂಚನ್ನೂ ದಾಟಿ, ನೆತ್ತಿಯ ಹರವಿನ ಎರಡು ಮೂರು ಪಟ್ಟು ದೂರ ಹೋಗುತ್ತದೆ. ಸಡಿಲ ಮಣ್ಣಿನ ಒಣನಾಡಿನಲ್ಲಿ ಬೇವಿನಂಥ ಮರಗಳು ಆಳಕ್ಕೂ ಇಳಿಯುತ್ತವೆ, ನಿಜ. ಆದರೂ ಮರವನ್ನು ನಿಲ್ಲಿಸುವ ದಪ್ಪ ಬೇರುಗಳು ನೆಲದ ಮೇಲ್ಪದರದಲ್ಲಿ ಸುತ್ತಲೂ ಚಾಚಿಕೊಂಡೇ ಇರುತ್ತವೆ. ಈ ಹಾಸನ್ನು ಬೇರುತಳ ಎನ್ನೋಣ.

ಹಾಗಾಗಿ ‘ಬೇರು ಆಳಕ್ಕಿಳಿದಿಲ್ಲ’ ಎಂಬ ದೂರು ಮರಕ್ಕೆ ಅನ್ವಯಿಸುವುದಿಲ್ಲ. ಕೇಳಬೇಕಾದ ಪ್ರಶ್ನೆ, ಬೇರು ಅಗಲಕ್ಕೆ ಏಕೆ ಹೋಗಲಿಲ್ಲ? ಗುಂಡಿಯ ಅಂಚಿನವರೆಗೆ ಬಂದು ಅಲ್ಲೇ ಏಕೆ ಸುತ್ತಿಕೊಂಡಿತು?

ಎಲೆಯ ಆಮ್ಲಜನಕ ಬೇರಿಗೆ ಸಿಗುವುದಿಲ್ಲ

ಮರ ಆಮ್ಲಜನಕ ಕೊಡುತ್ತದೆ ಎಂದು ಪ್ರತಿ ವನಮಹೋತ್ಸವದ ಭಾಷಣದಲ್ಲೂ ಕೇಳುತ್ತೇವೆ. ಮರಕ್ಕೇ ಆಮ್ಲಜನಕ ಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಬೇರಿನ ಪ್ರತಿ ಜೀವಕೋಶವೂ ನಮ್ಮ ಜೀವಕೋಶದಂತೆಯೇ ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯುತ್ತದೆ. ಮಣ್ಣನ್ನು ತಳ್ಳಿ ಮುಂದೆ ಸರಿಯುವುದಕ್ಕೂ, ನೀರಿನಿಂದ ಲವಣಗಳನ್ನು ಆರಿಸಿ ಒಳಗೆಳೆದುಕೊಳ್ಳುವುದಕ್ಕೂ ಆ ಶಕ್ತಿ ಬೇಕು. ಸಕ್ಕರೆಯನ್ನೇನೋ ಎಲೆ ಕಳುಹಿಸುತ್ತದೆ. ಆಮ್ಲಜನಕವನ್ನು ಕಳುಹಿಸುವ ಕೊಳವೆ ನಮ್ಮ ಬೀದಿಮರಗಳಲ್ಲಿಲ್ಲ. ಎಲೆ ಬಿಟ್ಟ ಆಮ್ಲಜನಕ ಬಯಲಿಗೆ ಹೋಗುತ್ತದೆ. ಬೇರು ತನ್ನ ಪಾಲನ್ನು ತನ್ನ ಸುತ್ತಲ ಮಣ್ಣಿನಿಂದಲೇ ಪಡೆಯಬೇಕು, ತಾನು ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅದೇ ಮಣ್ಣಿನ ಮೂಲಕ ಮೇಲಕ್ಕೆ ಕಳುಹಿಸಬೇಕು.

ಹೊನ್ನಾವರದ ಬಳಿ ಶರಾವತಿ ಸಮುದ್ರ ಸೇರುವಲ್ಲಿ ಕಾಂಡ್ಲಾ ಕಾಡು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉಪ್ಪುನೀರಿನ ಕೆಸರಿನಲ್ಲಿ ಗಾಳಿಯಿಲ್ಲ. ಅಲ್ಲಿನ ಕೆಲವು ಮರಗಳು ಕೆಸರಿನಿಂದ ಮೇಲಕ್ಕೆ ಬೆರಳುದ್ದದ ಉಸಿರುಬೇರುಗಳನ್ನು ಎಬ್ಬಿಸಿ, ನೀರಿಳಿದಾಗ ಗಾಳಿ ಎಳೆದುಕೊಳ್ಳುತ್ತವೆ. ಹೊಂಗೆಗೆ, ಟಬೂಬಿಯಾಕ್ಕೆ ಈ ವಿದ್ಯೆ ತಿಳಿಯದು. ನಮ್ಮ ಮೂಗಿಗೆ ಬರುವ ಗಾಳಿಯಲ್ಲಿ ಆಮ್ಲಜನಕ ಶೇ 21. ಮಣ್ಣೊಳಗಿನ ಗಾಳಿಯಲ್ಲಿ ಅದು ಶೇ 10ರ ಆಸುಪಾಸಿಗೆ ಇಳಿದರೆ ಹೆಚ್ಚಿನ ಮರಗಳಲ್ಲಿ ಬೇರಿನ ಬೆಳವಣಿಗೆ ಕುಂಟುತ್ತದೆ. ಇನ್ನೂ ಇಳಿದರೆ ಬೇರಿನ ತುದಿ ಸಾಯುತ್ತದೆ.

ಮಣ್ಣೊಳಗೆ ಗಾಳಿ ಎಲ್ಲಿರುತ್ತದೆ? ಇಲ್ಲಿಂದ ಅಡುಗೆಮನೆಗೆ ಹೋಗೋಣ.

ಕಲ್ಲಾದ ಇಡ್ಲಿ

ಚೆನ್ನಾಗಿ ಹುದುಗಿದ ಹಿಟ್ಟಿನ ಇಡ್ಲಿಯನ್ನು ಮುರಿದು ನೋಡಿ. ಒಳಗೆಲ್ಲ ಸಣ್ಣ ದೊಡ್ಡ ತೂತು. ಸಾಂಬಾರಿಗೆ ಹಾಕಿದರೆ ಹೀರಿಕೊಳ್ಳುತ್ತದೆ, ಒತ್ತಿದರೆ ಕುಗ್ಗುತ್ತದೆ. ಹುದುಗದ ಹಿಟ್ಟಿನ ಇಡ್ಲಿಯಲ್ಲೂ ಅದೇ ಅಕ್ಕಿ, ಅದೇ ಉದ್ದು, ಅದೇ ಉಪ್ಪು. ತೂತಿಲ್ಲ, ಅಷ್ಟೇ. ಅದು ಕಲ್ಲು. ಅದಕ್ಕೆ ಇನ್ನಷ್ಟು ಉದ್ದಿನಬೇಳೆ ತಂದು ಮೇಲೆ ಸುರಿದರೆ ಪ್ರಯೋಜನವಿಲ್ಲ. ಬೀದಿಮರದ ಬುಡಕ್ಕೆ ಗೊಬ್ಬರ ಸುರಿದು ‘ಪೋಷಣೆ’ ಮಾಡಿದೆವು ಎನ್ನುವವರು ಮಾಡುತ್ತಿರುವುದು ಬಹಳ ಸಲ ಇದನ್ನೇ. ಮಣ್ಣಿಗೆ ಕೊರತೆಯಾಗಿರುವುದು ಪದಾರ್ಥದ್ದಲ್ಲ, ತೂತಿನದು.

ಒಳ್ಳೆಯ ತೋಟದ ಮಣ್ಣಿನಲ್ಲಿ ಅರ್ಧದಷ್ಟು ಜಾಗ ಖಾಲಿಯೇ. ಈ ಖಾಲಿ ಜಾಗದಲ್ಲಿ ಎರಡು ಬಗೆ. ದೊಡ್ಡ ರಂಧ್ರಗಳಲ್ಲಿ ಮಳೆ ನಿಂತ ಮೇಲೆ ನೀರು ಇಳಿದುಹೋಗಿ ಗಾಳಿ ತುಂಬಿಕೊಳ್ಳುತ್ತದೆ. ಇವು ಗಾಳಿಗೂಡುಗಳು. ತೀರ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಇವು ನೀರುಗೂಡುಗಳು. ಬೇರಿಗೆ ಎರಡೂ ಬೇಕು. ಮಣ್ಣನ್ನು ಒತ್ತಿದಾಗ ಮೊದಲು ಕುಸಿಯುವುದು ಗಾಳಿಗೂಡು. ಉಳಿಯುವುದು ನೀರುಗೂಡು ಮಾತ್ರ. ಅಂಥ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಸಪಡುತ್ತದೆ, ಬೇಸಿಗೆಯಲ್ಲಿ ಇಟ್ಟಿಗೆಯಾಗುತ್ತದೆ.

ಲೆಕ್ಕ ತೂಕದಲ್ಲೇ ಗೊತ್ತಾಗುತ್ತದೆ. ತೋಟದ ಒಣಮಣ್ಣನ್ನು ಅದರ ರಚನೆ ಕೆಡದಂತೆ ಒಂದು ಲೀಟರ್ ತೆಗೆದರೆ ಸುಮಾರು 1.1ರಿಂದ 1.3 ಕಿಲೊ ತೂಗುತ್ತದೆ. ಫುಟ್‌ಪಾತಿನ ಅಡಿ ಬಡಿದು ಕೂರಿಸಿದ ಮಣ್ಣು ಲೀಟರಿಗೆ 1.8 ಕಿಲೊ ದಾಟುವುದುಂಟು. ಖಾಲಿ ಜಾಗ ಅರ್ಧದಿಂದ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು, ಉಳಿದದ್ದರಲ್ಲೂ ಗಾಳಿಗೂಡು ಇಲ್ಲವೆನ್ನುವಷ್ಟು. ಜೇಡಿಮಣ್ಣಿನಲ್ಲಿ 1.4 ದಾಟಿದರೆ, ಮರಳುಮಣ್ಣಿನಲ್ಲಿ 1.7 ದಾಟಿದರೆ ಬೇರಿಗೆ ಮುಂದೆ ಸಾಗುವುದೇ ಕಷ್ಟ. ಮಣ್ಣು ಗಟ್ಟಿಯಾಗಿ ಅಡ್ಡನಿಲ್ಲುತ್ತದೆ ಎಂಬುದು ಒಂದು ಕಾರಣ. ಉಸಿರಿಲ್ಲದೆ ತಳ್ಳುವ ಶಕ್ತಿಯೂ ಇಲ್ಲ ಎಂಬುದು ಎರಡನೆಯದು. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ತೂತೆಲ್ಲ ನೀರಿನಿಂದ ಮುಚ್ಚಿದ ಮಣ್ಣಿನಲ್ಲಿ, ಮೇಲೆ ಕಾಂಕ್ರೀಟ್ ಬೇರೆ ಮುಚ್ಚಿದ್ದರೆ, ಎರಡು ಅಡಿ ಕೆಳಗಿನ ಬೇರಿಗೆ ಆಮ್ಲಜನಕ ತಲುಪುವ ಮಾತೇ ಇಲ್ಲ.

ಇಷ್ಟಾದ ಮೇಲೆ ಬೇರು ಗುಂಡಿ ಬಿಟ್ಟು ಹೊರಡಲಿಲ್ಲವೆಂದರೆ ಅದರಲ್ಲಿ ಬೇರಿನ ಸೋಮಾರಿತನವೇನೂ ಇಲ್ಲ. ನೆಟ್ಟವರು ಸಡಿಲ ಮಣ್ಣು ತುಂಬಿದ್ದ ಗುಂಡಿಯೊಳಗಷ್ಟೇ ಅದಕ್ಕೆ ಉಸಿರಾಡಲು ಜಾಗವಿತ್ತು.

ರೋಲರ್ ತಪ್ಪು ಮಾಡುತ್ತಿಲ್ಲ

ಇಲ್ಲಿ ಒಬ್ಬ ಖಳನಾಯಕನನ್ನು ಹುಡುಕುವ ಆಸೆಯಾಗುತ್ತದೆ. ಎಂಜಿನಿಯರ್, ಗುತ್ತಿಗೆದಾರ, ರೋಲರ್ ಓಡಿಸುವವನು. ಆದರೆ ಆ ಮನುಷ್ಯ ತನ್ನ ಶಾಸ್ತ್ರದ ಪ್ರಕಾರ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾನೆ. 1933ರಲ್ಲಿ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ವಿಭಾಗದಲ್ಲಿದ್ದ ಆರ್.ಆರ್. ಪ್ರಾಕ್ಟರ್ ಎಂಬ ಎಂಜಿನಿಯರ್, ಮಣ್ಣಿನ ಅಣೆಕಟ್ಟುಗಳಿಗಾಗಿ, ಯಾವ ಮಣ್ಣನ್ನು ಎಷ್ಟು ತೇವದಲ್ಲಿ ಬಡಿದರೆ ಅತಿ ಹೆಚ್ಚು ಸಾಂದ್ರವಾಗುತ್ತದೆ ಎಂದು ಅಳೆಯುವ ಪರೀಕ್ಷೆ ರೂಪಿಸಿದ. ಜಗತ್ತಿನ ರಸ್ತೆಗಳೆಲ್ಲ ಇವತ್ತಿಗೂ ಅವನ ಹೆಸರಿನ ಅಳತೆಗೆ ತೂಗಿ ನೋಡಿಯೇ ಸಿದ್ಧವಾಗುತ್ತವೆ. ತಳದ ಮಣ್ಣು ಆ ಗರಿಷ್ಠ ಸಾಂದ್ರತೆಯ ಶೇ 95ಕ್ಕಾದರೂ ಬರಬೇಕು ಎನ್ನುವುದು ಸಾಮಾನ್ಯ ಷರತ್ತು. ಬಾರದಿದ್ದರೆ ಮೊದಲ ಮಳೆಗೇ ಫುಟ್‌ಪಾತ್ ಕುಸಿದು, ಅಜ್ಜಿಯೊಬ್ಬರು ಎಡವಿ ಬಿದ್ದು, ಅದೇ ಎಂಜಿನಿಯರಿಗೆ ನೋಟಿಸ್ ಬರುತ್ತದೆ.

ಅಂದರೆ ಒಂದೇ ಮಣ್ಣಿನಲ್ಲಿ ಎರಡು ಶಾಸ್ತ್ರಗಳು ಎದುರುಬದುರಾಗಿವೆ. ರಸ್ತೆಯ ಶಾಸ್ತ್ರಕ್ಕೆ ತೂತು ಇರಬಾರದು, ಬೇರಿನ ಶಾಸ್ತ್ರಕ್ಕೆ ತೂತೇ ಜೀವ. ನಗರದ ಮರದ ಸಮಸ್ಯೆಯ ತಿರುಳು ಇಷ್ಟೇ. ಜಾತಿ ಯಾವುದು, ನೆಟ್ಟವರು ಯಾರು, ಎಷ್ಟು ಲಕ್ಷ ಎಂಬುದೆಲ್ಲ ಇದಾದ ಮೇಲಿನ ಮಾತು.

ಬೇರು ಹುಡುಕಿಕೊಂಡ ದಾರಿ

ಆದರೂ ಮರಗಳು ಬೆಳೆದಿವೆಯಲ್ಲ? ಬೆಳೆದಿವೆ, ಏಕೆಂದರೆ ಬೇರು ಸಂದಿ ಹುಡುಕುತ್ತದೆ. ಕಾಂಕ್ರೀಟ್ ಹಾಸಿಗೂ ಅದರಡಿ ಬಡಿದ ಮಣ್ಣಿಗೂ ನಡುವೆ ಕೂದಲೆಳೆಯ ಜಾಗವಿರುತ್ತದೆ. ರಾತ್ರಿ ಹಾಸು ತಣ್ಣಗಾದಾಗ ಅದರ ಅಡಿಯಲ್ಲಿ ತೇವ ಹನಿಗಟ್ಟುತ್ತದೆ, ಸಂದಿಯಲ್ಲಿ ಗಾಳಿಯೂ ಇದೆ. ಬೇರು ಅಲ್ಲಿಗೆ ನುಗ್ಗುತ್ತದೆ. ಮೊದಲ ವರ್ಷ ದಾರದಷ್ಟಿದ್ದದ್ದು ವರ್ಷವರ್ಷ ದಪ್ಪವಾಗುತ್ತದೆ, ಇಂಟರ್‌ಲಾಕ್ ಇಟ್ಟಿಗೆಗಳು ಮೇಲೇಳುತ್ತವೆ. ‘ಮರ ಫುಟ್‌ಪಾತ್ ಒಡೆಯಿತು’ ಎಂದು ದೂರು ಹೋಗುತ್ತದೆ. ಮೇಸ್ತ್ರಿ ಬಂದು ಆ ಬೇರನ್ನು ಕೊಡಲಿಯಿಂದ ಕಡಿದು ಸಮ ಮಾಡಿ ಸಿಮೆಂಟ್ ಹಾಕುತ್ತಾನೆ. ಮರ ಹೊರಗೆ ಚಾಚಿದ್ದ ಒಂದೇ ಕೈ ಅದಾಗಿರಬಹುದು.

ಎರಡನೆಯ ದಾರಿ ಕಾಂಪೌಂಡಿನೊಳಗೆ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೆಯ ಬೀದಿಗಳಲ್ಲಿ ಮರಗಳು ಅಷ್ಟು ದೊಡ್ಡದಾಗಿ ಬೆಳೆದದ್ದು ಬೀದಿಯ ಮಣ್ಣಿನ ಕೃಪೆಯಿಂದ ಮಾತ್ರವಲ್ಲ ಎಂದು ನನಗೆ ಅನಿಸುತ್ತದೆ. ಅಲ್ಲಿ ಗೋಡೆಯಾಚೆ ಹಿತ್ತಿಲಿತ್ತು, ಕನಕಾಂಬರ, ಕರಿಬೇವು, ತೆಂಗಿಗೆ ಹಾಕಿದ ನೀರಿತ್ತು. ತೆಳುವಾದ ಪಾಯದ ಕೆಳಗೆ ನುಸುಳಿದ ಬೇರು ಆ ಹಿತ್ತಿಲುಗಳಲ್ಲಿ ಉಂಡಿತು. ಈಗ ಆ ಮನೆ ಒಡೆದು ಅಪಾರ್ಟ್‌ಮೆಂಟ್ ಏಳುತ್ತದೆ. ಕಾರು ನಿಲ್ಲಿಸಲು ಹತ್ತಡಿ ಆಳದ ನೆಲಮಾಳಿಗೆಯನ್ನು ಗೋಡೆಯ ಅಂಚಿನವರೆಗೂ ತೋಡುತ್ತಾರೆ. ಬೀದಿಯ ಮರವನ್ನು ಯಾರೂ ಮುಟ್ಟಿಲ್ಲ, ಯಾವ ಕಾನೂನೂ ಮುರಿದಿಲ್ಲ. ಬೇರುತಳದ ಒಂದು ಪಾರ್ಶ್ವ ಮಾತ್ರ ಹೋಗಿದೆ.

ಮರಗಳ ಬೇರನ್ನು ಕಾಯುವವರು ಬಳಸುವ ಸರಳ ಅಳತೆಯೊಂದಿದೆ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟಿದೆಯೋ ಅದರ ಹನ್ನೆರಡು ಪಟ್ಟು ದೂರದವರೆಗೆ ಸುತ್ತಲೂ ಅಗೆಯಬೇಡಿ ಎಂದು. ಅರ್ಧ ಮೀಟರ್ ದಪ್ಪದ ಮರಕ್ಕೆ ಆರು ಮೀಟರ್. ಮೂರು ಪಟ್ಟಿಗಿಂತ ಹತ್ತಿರ ಕಡಿದರೆ ಮರ ನಿಲ್ಲುವುದೇ ಅನುಮಾನ. ಈಗ ನಿಮ್ಮ ಬೀದಿಯಲ್ಲಿ ಮರದಿಂದ ಒಂದು ಹೆಜ್ಜೆ ದೂರದಲ್ಲಿ ಚರಂಡಿ, ಒಳಚರಂಡಿ, ಕಾವೇರಿ ನೀರಿನ ಪೈಪು, ಗ್ಯಾಸ್ ಪೈಪು, ಕೇಬಲ್ಲು ಎಂದು ಎಷ್ಟು ಸಲ ಅಗೆದಿದ್ದಾರೆ ನೆನಪಿಸಿಕೊಳ್ಳಿ.

ಹಸಿರಾಗಿಯೇ ಇತ್ತಲ್ಲ!

ಬಿದ್ದ ಮರದ ಬಳಿ ಕೇಳುವ ಮಾತಿದು. ನಿನ್ನೆಯವರೆಗೂ ಎಲೆ ತುಂಬಿ ನಿಂತಿದ್ದದ್ದು ಏಕೆ ಬಿತ್ತು? ಏಕೆಂದರೆ ನೀರು ಕುಡಿಯುವ ಬೇರು ಬೇರೆ, ಹಿಡಿದು ನಿಲ್ಲಿಸುವ ಬೇರು ಬೇರೆ. ಗುಂಡಿಯೊಳಗೆ ಉಳಿದ ಎಳೆಬೇರುಗಳು ಎಲೆಯನ್ನು ಹಸಿರಾಗಿಡಲು ಸಾಕಾಗಬಹುದು. ಕಡಿದ ದಪ್ಪ ಬೇರಿನ ಗಾಯದಿಂದ ಗ್ಯಾನೊಡರ್ಮದಂಥ ಶಿಲೀಂಧ್ರ ಒಳಹೊಕ್ಕು, ವರ್ಷಗಟ್ಟಲೆ ನಿಧಾನವಾಗಿ ಬುಡವನ್ನು ತಿನ್ನುತ್ತದೆ. ಬುಡದಲ್ಲಿ ಮೆರುಗೆಣ್ಣೆ ಬಳಿದಂಥ ಕಂದು ಅಣಬೆಯ ಹಲಗೆ ಕಂಡರೆ ಒಳಗೆ ಏನೋ ಆಗಿದೆ ಎಂದರ್ಥ. ಪೈಪಿಗಾಗಿ ಅಗೆದ ಗುತ್ತಿಗೆದಾರ ಬಿಲ್ಲು ಪಡೆದು ಐದಾರು ವರ್ಷ ಕಳೆದ ಮೇಲೆ ಮರ ಬೀಳುತ್ತದೆ. ಕಾರಣವನ್ನೂ ಫಲವನ್ನೂ ಜೋಡಿಸಿ ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಕೊನೆಯ ತಳ್ಳು ಗಾಳಿಯದು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮರವನ್ನು ನೂಕುವ ಬಲ ಸ್ಥೂಲವಾಗಿ ನಾಲ್ಕು ಪಟ್ಟಾಗುತ್ತದೆ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಮೋಡದಿಂದ ತಣ್ಣನೆ ಗಾಳಿ ಧುಮುಕಿ ನೆಲಕ್ಕೆ ಬಡಿದು ಹರಡುತ್ತದೆ, ಇಡೀ ಮುಂಗಾರಿನಲ್ಲಿ ಬಾರದ ರಭಸ ಆ ಹತ್ತು ನಿಮಿಷದಲ್ಲಿ ಬರುತ್ತದೆ. ಅಷ್ಟರಲ್ಲಿ ಬೇಸಿಗೆಯ ಆರಂಭಕ್ಕೆ ಎಲೆ ಉದುರಿಸಿದ್ದ ಮರಗಳು ಹೊಸ ಎಲೆ ಹೊದ್ದಿರುತ್ತವೆ. ವಿದ್ಯುತ್ ತಂತಿಗಾಗಿ ಒಂದೇ ಪಕ್ಕದ ಕೊಂಬೆ ಕಡಿಸಿಕೊಂಡು ಎಷ್ಟೋ ಮರಗಳು ರಸ್ತೆಯತ್ತ ವಾಲಿರುತ್ತವೆ. ಒಣಗಿದ್ದ ಗುಂಡಿಯ ಮಣ್ಣು ನೆನೆದು ಹಿಡಿತ ಬಿಡುತ್ತದೆ. ಗಾಳಿ ಬರುವ ದಿಕ್ಕಿನ ಬೇರುಗಳು ಹಗ್ಗವಾಗಿ ಎಳೆದು ಹಿಡಿಯಬೇಕಿತ್ತು, ಆ ದಿಕ್ಕಿನಲ್ಲಿ ಚರಂಡಿ ಇದೆ.

ಕೃಂಬಿಗಲ್‌ಗೆ ಸಿಕ್ಕಿದ್ದ ನೆಲ

ಗುಸ್ತಾವ್ ಹರ್ಮನ್ ಕೃಂಬಿಗಲ್ ಜರ್ಮನಿಯವರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾಕ್ಕೆ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಬೀದಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಬೀದಿ ಅರಳಬೇಕು ಎಂದು ವರ್ಷವಿಡೀ ಸರದಿಯಲ್ಲಿ ಹೂಬಿಡುವ ಮರಗಳನ್ನು ಆರಿಸಿದರು. ಇದನ್ನು ನಾವು ಹಾಡಿ ಹೊಗಳುತ್ತೇವೆ, ಹೊಗಳಬೇಕಾದದ್ದೇ. ಅವರಿಗೆ ಸಿಕ್ಕಿದ್ದ ಇನ್ನೊಂದು ಸೌಭಾಗ್ಯದ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ: ಅಂದಿನ ಬೀದಿಗಳಲ್ಲಿ ಅಂಚಿನ ಮಣ್ಣು ತೆರೆದೇ ಇತ್ತು. ಚರಂಡಿಯ ಮೇಲಿನ ಚಪ್ಪಡಿ ಕಲ್ಲಿನ ಸಂದುಗಳಲ್ಲಿ ನೀರೂ ಗಾಳಿಯೂ ಇಳಿಯುತ್ತಿದ್ದವು.

1980ರ ದಶಕದಲ್ಲಿ, ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಶುರುವಾದ ಕೆಲಸದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿಗೆ ಸುಮಾರು 15 ಲಕ್ಷ ಮರಗಳು ಬಂದವು. ದನ, ಮೇಕೆ, ಮನುಷ್ಯ ಮೂವರ ಕೈಗೂ ಎಟುಕದ ಎತ್ತರದ ಸಸಿಯನ್ನೇ ನೆಡಬೇಕು, ಪ್ರತಿಯೊಂದಕ್ಕೂ ಕಾವಲು ಬೇಲಿ ಕಟ್ಟಬೇಕು ಎಂಬ ಹಟ ಅವರದು. ಆ ಮರಗಳ ನೆರಳಲ್ಲೇ ನಾವಿದ್ದೇವೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮರವಿಲ್ಲದ ಬೀದಿಗಿಂತ ಮರವಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ, ಟಾರಿನ ಮೈ 27.5 ಡಿಗ್ರಿವರೆಗೆ ತಂಪು. ಬೀಳುವ ಮರ ಅಪಾಯ, ಎಲ್ಲ ಕಡಿದು ಗಿಡ್ಡ ಅಲಂಕಾರದ ಗಿಡ ನೆಡೋಣ ಎನ್ನುವವರು ಈ ಎರಡು ಸಂಖ್ಯೆಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಜಲ್ಲಿಯ ನಡುವೆ ಮಣ್ಣು

ರಸ್ತೆ ಕುಸಿಯಬಾರದು, ಬೇರು ಉಸಿರಾಡಬೇಕು. ಎರಡೂ ಆಗುವ ನೆಲ ಇದೆಯೇ? 1990ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನೀನಾ ಬಸ್ಸುಕ್ ಮತ್ತು ಜೇಸನ್ ಗ್ರಬೋಸ್ಕಿ ಇದಕ್ಕೆ ಕೊಟ್ಟ ಉತ್ತರ ಎಷ್ಟು ಸರಳವೆಂದರೆ ಮೊದಲು ಕೇಳಿದಾಗ ಇಷ್ಟೇನೆ ಅನಿಸುತ್ತದೆ. ತೂಕದಲ್ಲಿ 80 ಪಾಲು ಒಡೆದ ಜಲ್ಲಿ, 20 ಪಾಲು ಜೇಡಿ ಬೆರೆತ ಮಣ್ಣು, ಮಣ್ಣು ಜಲ್ಲಿಗೆ ಅಂಟಲು ಸ್ವಲ್ಪ ಅಂಟುಪುಡಿ. ಇದನ್ನು ಕಲ್ಲುಹಂದರದ ಮಣ್ಣು ಎನ್ನಬಹುದು. ಎಷ್ಟೇ ರೋಲರ್ ಹೊಡೆಯಿರಿ, ಚೂಪು ಮೂಲೆಯ ಜಲ್ಲಿಕಲ್ಲುಗಳು ಒಂದಕ್ಕೊಂದು ತಾಗಿ ಕಚ್ಚಿಕೊಳ್ಳುತ್ತವೆ. ಮೇಲಿನ ಭಾರ ಕಲ್ಲಿನಿಂದ ಕಲ್ಲಿಗೆ ದಾಟಿ ಕೆಳಗಿಳಿಯುತ್ತದೆ. ಕಲ್ಲುಗಳ ನಡುವಿನ ಸಂದಿಯಲ್ಲಿರುವ ಮಣ್ಣಿಗೆ ಆ ಭಾರ ತಗಲುವುದೇ ಇಲ್ಲ, ಹಾಗಾಗಿ ಅದು ಸಡಿಲವಾಗಿಯೇ ಉಳಿಯುತ್ತದೆ. ಎಂಜಿನಿಯರ್ ಅಳೆದರೆ ಶೇ 95 ಬರುತ್ತದೆ, ಬೇರು ಹುಡುಕಿದರೆ ಗಾಳಿಗೂಡು ಸಿಗುತ್ತದೆ.

ಸ್ಟಾಕ್‌ಹೋಮ್ ನಗರ ಇದನ್ನೇ ಇನ್ನಷ್ಟು ಒರಟಾಗಿ ಮಾಡಿತು. ನಗರದ ಮರಗಳ ಅಧಿಕಾರಿ ಬ್ಯೋರ್ನ್ ಎಂಬ್ರೇನ್ ತಂಡ 100ರಿಂದ 150 ಮಿಲಿಮೀಟರಿನ ಕಲ್ಲುಗಳನ್ನು ಪದರಪದರವಾಗಿ ಹಾಕಿ ಬಡಿದು, ಆಮೇಲೆ ಪೈಪಿನ ನೀರಿನಿಂದ ಮಣ್ಣನ್ನು ಸಂದಿಗಳೊಳಗೆ ತೊಳೆದು ಇಳಿಸಿತು. ಅದರ ಮೇಲೆ ಸಣ್ಣ ಜಲ್ಲಿಯ ಗಾಳಿಪದರ, ಮೇಲೆ ಫುಟ್‌ಪಾತ್. ನಡುನಡುವೆ ಜಾಲರಿ ಮುಚ್ಚಿದ ಬಾಯಿಗಳು: ಬೀದಿಯ ಮಳೆನೀರು ಚರಂಡಿಗೆ ಹೋಗುವ ಬದಲು ಇವುಗಳ ಮೂಲಕ ಬೇರಿಗೆ ಇಳಿಯುತ್ತದೆ, ಗಾಳಿಯೂ ಇಳಿಯುತ್ತದೆ, ಬೇರು ಬಿಟ್ಟ ಕೆಟ್ಟ ಗಾಳಿ ಮೇಲೇಳುತ್ತದೆ. ಬರಬರುತ್ತ ಮಣ್ಣಿನ ಜೊತೆಗೆ ತೋಟದ ಕಸದಿಂದ ಮಾಡಿದ ಇದ್ದಿಲನ್ನೂ ಬೆರೆಸತೊಡಗಿದರು. ಇದ್ದಿಲಿನ ಯೋಜನೆಗೆ 2014ರಲ್ಲಿ ಬ್ಲೂಮ್‌ಬರ್ಗ್ ಮೇಯರ್‌ಗಳ ಸ್ಪರ್ಧೆಯಲ್ಲಿ ಬಹುಮಾನ ಬಂತು.

ಸ್ವೀಡನ್ನಿನ ಪಾಕವನ್ನು ಹಾಗೆಯೇ ಎತ್ತಿ ತಂದರೆ ನಡೆಯುತ್ತದೆಯೇ? ಜಲ್ಲಿ ಹೆಚ್ಚಾದಷ್ಟು ನೀರು ಹಿಡಿಯುವ ಮಣ್ಣು ಕಡಿಮೆ, ಬೆಂಗಳೂರಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಜೇಡಿಯ ಪಾಲು, ಇದ್ದಿಲಿನ ಪಾಲು ಎಷ್ಟಿರಬೇಕೆಂದು ಇಲ್ಲೇ ಮಾಡಿ ನೋಡಬೇಕು. ಸಾಮಗ್ರಿಗೇನೂ ಬರವಿಲ್ಲ. ನಗರದ ಸುತ್ತ ಇರುವುದೇ ಗ್ರಾನೈಟ್ ಬಂಡೆ, ಸೈಜುಕಲ್ಲಿನಿಂದ 20 ಎಂಎಂ ಜಲ್ಲಿವರೆಗೆ ಎಲ್ಲವೂ ಲಾರಿಯಲ್ಲಿ ಬಂದು ಬೀಳುತ್ತದೆ, ಕೆಂಪುಮಣ್ಣು ಪ್ರತಿ ನೆಲಮಾಳಿಗೆಯಿಂದಲೂ ಹೊರಬರುತ್ತಿದೆ. ಅಷ್ಟು ಖರ್ಚು ಬೇಡವೆಂದರೆ ಇನ್ನೂ ಅಗ್ಗದ ದಾರಿಯಿದೆ: ಒಂದೊಂದು ಮರಕ್ಕೆ ಒಂದೊಂದು ಗುಂಡಿ ತೋಡುವ ಬದಲು ಮರದಿಂದ ಮರಕ್ಕೆ ಉದ್ದಕ್ಕೂ ಒಂದೇ ಕಾಲುವೆ ತೋಡಿ ಮಣ್ಣು ತುಂಬಿ, ಮೇಲೆ ಚಪ್ಪಡಿಯನ್ನು ಅಂಚುಗಳ ಮೇಲೆ ನಿಲ್ಲಿಸುವುದು. ಪಕ್ಕದ ಮರ ಬೇಸಿಗೆಯಲ್ಲಿ ಎಲೆ ಉದುರಿಸಿದಾಗ ಅದರ ಪಾಲಿನ ಮಣ್ಣೂ ಇದಕ್ಕೆ ಸಿಗುತ್ತದೆ.

ಯೋಜನೆಯಲ್ಲಿ ಏನನ್ನು ಎಣಿಸಬೇಕು?

ಕೆ.ಎಂ. ಮುನ್ಷಿ 1950ರಲ್ಲಿ ವನಮಹೋತ್ಸವ ಶುರು ಮಾಡಿದಂದಿನಿಂದ ನಾವು ಸಸಿ ಎಣಿಸುತ್ತ ಬಂದಿದ್ದೇವೆ. ಫೋಟೊದಲ್ಲಿ ಒಂದು ಸಸಿಗೆ ಎಂಟು ಜನ ಮಣ್ಣು ಹಾಕುತ್ತಾರೆ, ಆಮೇಲೆ ಅದೇ ಎಂಟು ಜನ ಬೂಟುಗಾಲಿನಲ್ಲಿ ಆ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತಾರೆ! ಕೆನಡಾದ ಟೊರಾಂಟೊ ನಗರ ಎಣಿಸುವುದು ಮಣ್ಣನ್ನು. ದೊಡ್ಡ ಮರವೊಂದಕ್ಕೆ ಅಲ್ಲಿ ಗೊತ್ತುಮಾಡಿರುವುದು 30 ಘನಮೀಟರ್ ಸಡಿಲ ಮಣ್ಣು, ಅಂದರೆ ಮೂರು ದೊಡ್ಡ ಟಿಪ್ಪರ್ ಲೋಡು. ನಾವು ತೋಡುವ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿರುವುದು ಒಂದು ಘನಮೀಟರ್. ಮಳೆಮರಕ್ಕೆ ಅಷ್ಟು ಕೊಟ್ಟು ಮಳೆಮರದಷ್ಟೇ ನೆರಳು ಕೇಳುತ್ತೇವೆ. ಬೀದಿಯಲ್ಲಿ 10 ಘನಮೀಟರ್ ಮಾತ್ರ ಹೊಂದಿಸಲಾದರೆ ಅಲ್ಲಿಗೆ ಹೊಂದುವುದು ಹೊಳೆದಾಸವಾಳ, ಕಕ್ಕೆ. 30 ಸಿಕ್ಕುವ ಅಗಲ ರಸ್ತೆಗಳನ್ನು ಬಸರಿ, ಅತ್ತಿ, ಮಳೆಮರಗಳಿಗೆ ಕಾದಿಡಬೇಕು. ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ 2010ರಲ್ಲಿ ತೋರಿಸಿದಂತೆ ಬೆಂಗಳೂರಿನ ದೊಡ್ಡ ಮರಗಳೂ ಹೆಚ್ಚಿನ ಜಾತಿಗಳೂ ಇರುವುದು ಅಗಲ ರಸ್ತೆಗಳಲ್ಲೇ, ವಿಸ್ತರಣೆಯ ಗುರುತು ಬೀಳುವುದೂ ಆ ರಸ್ತೆಗಳಿಗೇ.

ಜಾತಿಯ ಮಾತು ಬಂದಾಗ ಅಮೆರಿಕದ ಎಲ್ಮ್ ಮರಗಳ ಕತೆ ಹೇಳಲೇಬೇಕು. ಊರೂರಿನ ಬೀದಿಯಲ್ಲಿ ಒಂದೇ ಜಾತಿ ನೆಟ್ಟಿದ್ದರು. 1930ರ ಸುಮಾರಿಗೆ ಯುರೋಪಿನ ದಿಮ್ಮಿಗಳ ಜೊತೆ ಒಂದು ಶಿಲೀಂಧ್ರ ರೋಗ ಬಂತು, ಕೆಲವೇ ದಶಕಗಳಲ್ಲಿ ಕೋಟ್ಯಂತರ ಮರ ಸತ್ತವು. 1990ರಲ್ಲಿ ಫ್ರಾಂಕ್ ಸಾಂಟಮೋರ್ ಎಂಬ ವಿಜ್ಞಾನಿ ಒಂದು ಅಂಕುಶ ಹಾಕಿಕೊಟ್ಟರು: ನಗರದಲ್ಲಿ ಯಾವುದೇ ಪ್ರಭೇದ ಶೇ 10, ಕುಲ ಶೇ 20, ಕುಟುಂಬ ಶೇ 30 ಮೀರಬಾರದು. ಗುಲಾಬಿ ಟಬೂಬಿಯಾ, ಹಳದಿ ಟಬೂಬಿಯಾ, ಜಕರಂಡ, ನೀರುಕಾಯಿ, ಆಕಾಶಮಲ್ಲಿಗೆ ಇವೆಲ್ಲ ನಮಗೆ ಬೇರೆಬೇರೆ ಹೂವು. ಸಸ್ಯಶಾಸ್ತ್ರದಲ್ಲಿ ಐದೂ ಒಂದೇ ಕುಟುಂಬ. ಇನ್‌ಸ್ಟಾಗ್ರಾಂ ನೋಡಿ ಮರ ಆರಿಸುವ ಕಾಲದಲ್ಲಿ ಇದು ನೆನಪಿರಲಿ.

ಸಸಿ ಕೊಳ್ಳುವಾಗ ನೋಡಬೇಕಾದದ್ದು ಎತ್ತರದ ಜೊತೆಗೆ ಬೇರು. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚು ಕಾಲ ಉಳಿದ ಸಸಿಯ ಬೇರು ಒಳಗೇ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಆ ಸುತ್ತು ಬಿಚ್ಚಿಕೊಳ್ಳುವುದಿಲ್ಲ, ದಪ್ಪವಾಗುತ್ತ ಹೋಗಿ ತನ್ನದೇ ಕಾಂಡವನ್ನು ಬಿಗಿಯುತ್ತದೆ. ನೆಡುವ ಮೊದಲು ಚೀಲ ಹರಿದು ಹೊರಗಿನ ಸುತ್ತನ್ನು ಚಾಕುವಿನಿಂದ ಸೀಳಬೇಕು. ಬುಡದಲ್ಲಿ ಕಾಂಡ ಅಗಲವಾಗಿ ಬೇರಾಗುವ ಜಾಗ ಮಣ್ಣಿನ ಮೇಲೆ ಕಾಣುವಂತಿರಬೇಕು, ಹೂತುಹೋಗಬಾರದು. ಮೊದಲ ಮೂರು ಬೇಸಿಗೆಗೆ ನೀರಿನ ಟ್ಯಾಂಕರಿನ ಹಣವನ್ನು ಸಸಿಯ ಹಣದ ಜೊತೆಯಲ್ಲೇ ಮಂಜೂರು ಮಾಡಿಸಿಕೊಳ್ಳಬೇಕು.

ಈಗಾಗಲೇ ಸಿಮೆಂಟಿನಲ್ಲಿ ಕುತ್ತಿಗೆಮಟ್ಟ ಹೂತಿರುವ ಮರಗಳಿಗೆ? 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು. ಬುಡಕ್ಕೆ ಕಾಂಕ್ರೀಟ್ ಸುರಿಯುವವನು ಮಾತ್ರ ಯಾರ ಅನುಮತಿಯನ್ನೂ ಕೇಳುವುದಿಲ್ಲ. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಕಾಂಡದ ಸುತ್ತ ಒಂದು ಮೀಟರಿನ ಕಾಂಕ್ರೀಟ್ ತೆಗೆಯಲು ಆದೇಶಿಸಿತು. ಆರು ಮೀಟರ್ ಬೇಕಾದಲ್ಲಿ ಒಂದು ಮೀಟರ್ ತೀರ ಕಡಿಮೆ, ಆದರೂ ಅಷ್ಟರಿಂದಲೇ ನೀರು, ಗಾಳಿ ಇಳಿಯಲು ಶುರುವಾಗುತ್ತದೆ. ಈ ಕೆಲಸಕ್ಕೆ ಜೆಸಿಬಿ ತರಬಾರದು. ಹಾರೆ, ಉಳಿ, ಸುತ್ತಿಗೆ ಸಾಕು, ಏಕೆಂದರೆ ಬೇರು ಇರುವುದು ಸರಿಯಾಗಿ ಆ ಹಾಸಿನ ಅಡಿಯಲ್ಲೇ. ತೆರೆದ ಮಣ್ಣನ್ನು ಅಗೆಯುವುದೂ ಬೇಡ. ಪೌರಕಾರ್ಮಿಕರು ಬೆಳಗ್ಗೆ ಗುಡಿಸಿ ಮೂಲೆಯಲ್ಲಿ ರಾಶಿ ಹಾಕುವ, ಯಾರೋ ಬೆಂಕಿ ಹಚ್ಚುವ ಎಲೆಗಳಿವೆಯಲ್ಲ, ಅವನ್ನು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದಪ್ಪಕ್ಕೆ ಅಲ್ಲಿ ಹರಡಿದರಾಯಿತು. ಎರೆಹುಳು ಬಂದರೆ ತೂತು ಕೊರೆಯುವ ಕೆಲಸ ಅದೇ ಮಾಡುತ್ತದೆ, ಅದಕ್ಕೆ ಎರಡು ಮೂರು ಮಳೆಗಾಲ ಹಿಡಿಯುತ್ತದೆ.